ಹೆದರುವವರು ಯಾರು ಎಂದು ಕೇಳುತ್ತಿದ್ದ ಡೀಜೆ ಅಣ್ಣ

ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ಕಸುಬಿನ ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ — ನಮಸ್ಕಾರ. ಹತ್ತೊಂಬತ್ತು ವರ್ಷ ಮದುವೆ ರಿಸೆಪ್ಷನ್‌ಗಳಲ್ಲಿ ಅಣ್ಣನ ಹಿಂದೆ ನಿಂತು ಸ್ಪೀಕರ್ ಜೋಡಿಸಿದವನು ನಾನು, ಅಣ್ಣ ನನ್ನನ್ನು ವೈರ್ ಅಂತಲೇ ಕರೆಯುತ್ತಿದ್ದರು. ಸಾವಿರಾರು ಸಲ "ಹಲೋ, ಚೆಕ್" ಅಂದಿದ್ದೇನೆ. ಅದರ ಮುಂದಿನ ಮಾತು ಯಾವತ್ತೂ ಆಡಿದವನಲ್ಲ.

ಇಲ್ಲಿರುವ ಎಷ್ಟೋ ಜನರ ಮನೆ ಮದುವೆಗೆ ಅಣ್ಣ ಹಾಡು ಹಾಕಿದ್ದಾರೆ. ಡೀಜೆ ಗೊತ್ತು ಮಾಡಲು ಬಂದವರು ಕೇಳುವುದು ಏನು? ಸ್ಪೀಕರ್ ಎಷ್ಟು ದೊಡ್ಡದು, ಲೈಟು ಎಷ್ಟು ಬಣ್ಣ. ಅಣ್ಣ ಅದಕ್ಕೆ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ನೀಲಿ ರಟ್ಟಿನ ಪುಸ್ತಕ ತೆಗೆದು — ಹೀಗೆ, ಮಂಡಿಯ ಮೇಲೆ ಇಟ್ಟುಕೊಂಡು — ಎರಡೇ ಪ್ರಶ್ನೆ. ಯಾವ ಹಾಡು ಹಾಕಬಾರದು? ಕುಣಿಯೋಕೆ ಹೆದರುವವರು ಯಾರು? ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. "ಹಾಕೋ ಹಾಡು ದಾರೀಲಿ ಹೋಗೋರೂ ಹೇಳ್ತಾರೆ. ಹಾಕಬಾರದ್ದು ಮನೆಯವರಿಗೆ ಮಾತ್ರ ಗೊತ್ತಿರುತ್ತೆ," ಅಣ್ಣ ಅನ್ನುತ್ತಿದ್ದರು.

ಆ ಪುಸ್ತಕ ನೋಡದೆ ನಾನೊಮ್ಮೆ ಕೆಟ್ಟೆ. ಅಣ್ಣ ಕೈ ತೊಳೆಯಲು ಹೋಗಿದ್ದರು. ಮದುಮಗನ ಸೋದರಮಾವ ಒಬ್ಬರು ಬಂದು ಒಂದು ಹಳೆಯ ಹಾಡು ಹಾಕು ಅಂದರು, ದೊಡ್ಡ ಮನುಷ್ಯ ನಾನು, ಹಾಕಿಯೇಬಿಟ್ಟೆ. ಮದುಮಗಳ ಕೈಯಿಂದ ಲೋಟ ಬಿತ್ತು. ತೀರಿಹೋದ ಅವಳ ಅಕ್ಕ ದಿನಾ ಗುನುಗುತ್ತಿದ್ದ ಹಾಡಂತೆ. ಪುಸ್ತಕದಲ್ಲಿ ಅಡಿಗೆರೆ ಎಳೆದು ಬರೆದಿತ್ತು. ಅಣ್ಣ ಒದ್ದೆ ಕೈಯಲ್ಲೇ ಓಡಿಬಂದರು, ಹಾಡನ್ನು ಮೆಲ್ಲಗೆ ಇಳಿಸಿದರು, ಮೈಕ್ ಹಿಡಿದು, "ತಪ್ಪು ನನ್ನದು ತಾಯಿ," ಅಂದರು. ವ್ಯಾನ್ ಹತ್ತಿದ ಮೇಲೂ ಅಣ್ಣ ನನ್ನನ್ನು ಬೈಯಲಿಲ್ಲ. ತಡೆಯಲಾಗದೆ, "ಬೈದುಬಿಡಿ ಅಣ್ಣ," ಅಂದೆ. "ಬೈದ್ರೆ ನಿನ್ನ ಹೆದರಿಕೆ ಹೋಗಿಬಿಡುತ್ತೆ. ಸ್ವಲ್ಪ ಇರಲಿ ಬಿಡು," ಅಂದರು.

ಇತ್ತು. ಇವತ್ತಿಗೂ ಇದೆ.

ಅಣ್ಣನಿಗಿದ್ದ ಹೆದರಿಕೆ ಬೇರೆ — ಎರಡು ಹಾಡಿನ ನಡುವಿನ ಮೌನ. "ಮೂರು ಸೆಕೆಂಡ್ ಸುಮ್ಮನಾದ್ರೆ ಜನ ಕುರ್ಚಿ ಕಡೆ ನೋಡ್ತಾರೆ ಕಣೋ," ಅನ್ನುತ್ತಿದ್ದರು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದರ ಮೇಲೆ ಅವರ ಬೆರಳು ಇರುತ್ತಿತ್ತು.

ಹೋದ ತಿಂಗಳು, ಆ ಕೊನೆಯ ರಿಸೆಪ್ಷನ್‌ನಲ್ಲಿ, ಹಾಡು ಮುಗಿಯಿತು. ಮುಂದಿನದು ಬರಲಿಲ್ಲ. ಒಂದು — ಎರಡು — ಮೂರು. ನಾನು ಬಗ್ಗಿ ಪ್ಲಗ್ ನೋಡಿದೆ. ಕೇಳಿಸಿಕೊಳ್ಳಿ, ಪ್ಲಗ್ ನೋಡಿದೆ. ಎರಡು ಮಾರು ದೂರದಲ್ಲಿದ್ದ ಅಣ್ಣನನ್ನು ನೋಡಲಿಲ್ಲ. ವೈರ್ ಎಳೆದು ನೋಡಿದೆ, ಸರಿಯಾಗಿತ್ತು. ತಲೆ ಎತ್ತಿದಾಗ ಹೆಡ್‌ಫೋನ್ ಅಣ್ಣನ ಕಿವಿಯಲ್ಲೇ ಇತ್ತು, ಹಣೆ ಮೇಜಿನ ಮೇಲಿತ್ತು. ಮೊದಲೇ ನೋಡಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರು. ನಂಬಿದ್ದೇನೆ. ಆದರೂ ಆವತ್ತಿನಿಂದ ಮನೆಯಲ್ಲಿ ಫ್ರಿಜ್ಜಿನ ಸದ್ದು ನಿಂತರೆ ಸಾಕು, ಥಟ್ಟನೆ ಆ ಕಡೆ ತಿರುಗುತ್ತೇನೆ. ಹೆಂಡತಿ ಮಾತು ನಿಲ್ಲಿಸಿದರೆ ಎದ್ದು ಹೋಗಿ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಅವಳ ಮಾತು ನಿಲ್ಲಬಾರದು ಅಂತ ನನಗೆ ಅನ್ನಿಸಿದ್ದು ಇದೇ ಮೊದಲು.

ಬರುವ ಭಾನುವಾರ ಅಣ್ಣನ ಈ ಮಗಳ ರಿಸೆಪ್ಷನ್. ಅಪ್ಪ ಗೊತ್ತು ಮಾಡಿದ ದಿನ, ಮುಂದಕ್ಕೆ ಹಾಕಲ್ಲ ಅಂದಳು. "ವೈರ್ ಮಾಮ, ಡೀಜೆ ನೀವೇ," ಅಂದಳು. ನಾನು ಆಗಲ್ಲ ಅಂದೆ. ಅದೇ ಮೇಜು, ಅದೇ ಹೆಡ್‌ಫೋನ್ — ನನ್ನ ಕೈಲಿ ಆಗಲ್ಲ ಅಂದೆ. ಇವತ್ತು ಇಲ್ಲಿ ಕಸುಬಿನವರೆಲ್ಲ ಸೇರುತ್ತಾರೆ, ಯಾರದಾದರೂ ಕೈಕಾಲು ಹಿಡಿದು ಒಪ್ಪಿಸೋಣ ಅಂತಲೇ ಬಂದವನು. ವೇದಿಕೆ ಮೇಲಿನ ಅಣ್ಣನ ಫೋಟೋಗೆ ನಮಸ್ಕಾರ ಮಾಡೋದು ಆಮೇಲಿನ ಮಾತು. ನಾಚಿಕೆಯಾಗುತ್ತದೆ, ಆದರೆ ನಿಜ.

ಈಗ ಸ್ವಲ್ಪ ಹೊತ್ತಿನ ಮುಂಚೆ, ಆ ಬಾಗಿಲ ಹತ್ತಿರ, ಅವಳು ನೀಲಿ ಪುಸ್ತಕವನ್ನು ನನ್ನ ಕೈಗಿಟ್ಟಳು. ಕೊನೆಯ ಪುಟ. ಅಣ್ಣ ಸ್ವಂತ ಮಗಳನ್ನೂ ಬಿಟ್ಟಿಲ್ಲ, ಎದುರು ಕೂರಿಸಿಕೊಂಡು ಕೇಳಿ ಬರೆದಿದ್ದಾರೆ. ಹಾಕಬಾರದ ಹಾಡು: ಅಳಿಸುವಂಥದ್ದು ಯಾವುದೂ. ಹೆದರುವವರು — ಕನ್ನಡಕ ಹಾಕಿಕೊಳ್ಳುತ್ತೇನೆ, ಇರಿ — ಹೆದರುವವರು: ಹುಡುಗಿಯ ಅಪ್ಪ. ಕೊನೆಯ ಹಾಡಿಗೆ ಅವಳ ಜೊತೆ ಕುಣಿಯಲೇಬೇಕಂತೆ. ಆಗ ಮೇಜಿನ ಹತ್ತಿರ ವೈರ್ ನಿಲ್ಲಲಿ. ಅವನಿಗೂ ಹೆದರಿಕೆ ಇದೆ. ಅದಕ್ಕೇ ಅವನೇ ಇರಲಿ.

ಇಷ್ಟೇ ಬರೆದಿರುವುದು.

ಮಗಳೇ, ಬರ್ತೀನಮ್ಮ. ಧೈರ್ಯ ಬಂದಿದೆ ಅಂತ ಅಲ್ಲ. ಹೆದರಿಕೊಂಡೇ ಬರ್ತೀನಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಎರಡು ನಿಮಿಷ ಮೌನ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅಷ್ಟು ಹೊತ್ತು ಅಣ್ಣನಿಗೆ ತಡೆಯುತ್ತಿರಲಿಲ್ಲ, ನನಗೂ ತಡೆಯುವುದಿಲ್ಲ. ಒಂದು ನಿಮಿಷ ಸಾಕು. ಯಾರೂ ಕುರ್ಚಿ ಕಡೆ ನೋಡಬೇಡಿ. ನಾನೂ ಈ ಸಲ ಪ್ಲಗ್ ನೋಡುವುದಿಲ್ಲ. ಅಣ್ಣನನ್ನೇ ನೋಡಿಕೊಂಡು ನಿಂತಿರುತ್ತೇನೆ.