ಎಡದ್ದಾ, ಬಲದ್ದಾ?

ಕಳೆದ ಮೇ ಕೊನೆಯ ವಾರ ಉಡುಪಿ ಜಿಲ್ಲೆಯಲ್ಲಿ ಒಂದು ಕಬ್ಬಿಣದ ತುಂಡು ಸಿಗಲಿಲ್ಲ. ಪತ್ರಿಕೆಗಳು ಇದನ್ನು ವರದಿ ಮಾಡಲಿಲ್ಲ. ಅಧಿಕಾರಿಗಳು ತುರ್ತು ಸಭೆ ಕರೆಯಲಿಲ್ಲ. ಶಂಕರಪುರದಲ್ಲಿ ನನ್ನ ಚಿಕ್ಕಮ್ಮನ ಮಗ ಕರುಣಾಕರ ಮಾತ್ರ ಊಟ ಬಿಟ್ಟ.

ಲೈಟ್ ಇರಲಿ, ಆರಿಸುವುದು ಬೇಡ. ಹೇಳುತ್ತೇನೆ.

ಅವನಲ್ಲಿ ಅರವತ್ತೆಂಟನೇ ಇಸವಿಯ ಮಿಲಿಟರಿ ಲಾರಿ ಉಂಟು. ಎಳೆತ ನಾಲ್ಕೂ ಚಕ್ರಕ್ಕೆ. ಮಳೆಗಾಲದ ಮೊದಲು ಕಾಪು ಕಡಲ ತೀರದಲ್ಲಿ ದೋಣಿಗಳನ್ನು ಮೇಲಕ್ಕೆ ಎಳೆಯುವುದು ಅದರ ಕೆಲಸ. ಟ್ರ್ಯಾಕ್ಟರ್ ಮರಳಿನಲ್ಲಿ ಹೂತುಹೋಗುತ್ತದೆ. ಆಮೇಲೆ ಟ್ರ್ಯಾಕ್ಟರನ್ನೂ ಇದೇ ಎಳೆಯಬೇಕು. ಆದರೆ ಈ ಸಲ ಸ್ಟೀರಿಂಗ್ ಅರ್ಧ ಸುತ್ತು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಮೊದಲ ದೋಣಿ ಎಳೆಯುವಾಗಲೇ ಲಾರಿ ಎಡಕ್ಕೆ ನುಗ್ಗಿತು. ಹಗ್ಗ ಹಿಡಿದವರು ಹಾರಿ ಬದುಕಿದರು. ಸರಿಯಾಗುವವರೆಗೆ ಮುಟ್ಟುವುದಿಲ್ಲ ಎಂದ ಕರುಣಾಕರ. ಮೀನುಗಾರ ಜಿತೇಂದ್ರನ ದೋಣಿ ಕೆಳಗೇ ಉಳಿಯಿತು. ಅವನಿಗಿದ್ದದ್ದು ಅದೊಂದೇ.

"ಮಂಗಳವಾರ ಕಡಲು ಏಳ್ತದೆ ಮಾರಾಯ. ಅಷ್ಟರೊಳಗೆ ಎಳೆದುಕೊಡು. ಇಲ್ಲದಿದ್ದರೆ ಇನ್ನು ನನಗೆ ಕಡಲು ನೋಡ್ಲಿಕ್ಕೆ ಮಾತ್ರ," ಎಂದ ಜಿತೇಂದ್ರ.

ಸವೆದದ್ದು ಟೈ ರಾಡಿನ ಎಂಡ್. ಎರಡು ಮುಂಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಗೆಣ್ಣು. ಬಲಬದಿಯದ್ದು ಹೇಗಾದರೂ ಸಿಗುತ್ತದೆ. ಎಡಬದಿಯದ್ದರ ಥ್ರೆಡ್ ಉಲ್ಟಾ... ಹೆಣಕ್ಕೆ ನಾವು ಬರುವ ಸುತ್ತಿನ ಹಾಗೆ, ಅಪ್ರದಕ್ಷಿಣೆ. ಇವನಿಗೆ ಬೇಕಾದದ್ದು ಅದು.

ಹೆಂಡತಿ ಕುಶಲಾ ಹಳೆಯ ಎಂಡಿಗೆ ಕಾಗದ ಸುತ್ತಿ, ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಬಿಗಿದು, ಮಲ್ಲಿಗೆ ಚೆಂಡಿಗೆ ಹಾಕುವ ಅದೇ ಗಂಟು ಹಾಕಿ ಚೀಲಕ್ಕಿಟ್ಟಳು. ಸ್ಯಾಂಪಲ್ ಇಲ್ಲದೆ ಅಂಗಡಿಯವರು ಮುಖ ನೋಡುವುದಿಲ್ಲ.

ಉಡುಪಿಯಲ್ಲಿ ಐದು ಅಂಗಡಿ. ಎಲ್ಲಾ ಕೌಂಟರಿನಲ್ಲೂ ಒಂದೇ ಪ್ರಶ್ನೆ.

"ಎಡದ್ದಾ, ಬಲದ್ದಾ?"

"ಎಡದ್ದು."

"ಇಲ್ಲ."

ಒಬ್ಬ ಮಾತ್ರ ಮಾಡೆಲ್ ಕೇಳಿದ. "ಅರವತ್ತೆಂಟಾ? ನಮ್ಮ ಅಪ್ಪನ ಪ್ರಾಯ. ಅವರ ಮೊಣಕಾಲಿಗೂ ಸ್ಪೇರ್ ಸಿಗ್ತಾ ಇಲ್ಲ."

ಮಣಿಪಾಲದ ಲೇತ್ ವರ್ಕ್‌ಶಾಪಿನಲ್ಲಿ ಗದಗ ಕಡೆಯ ಭೀಮೇಶ ತಿರುಗಿಸಿ ನೋಡಿದ. "ಥ್ರೆಡ್ ಕೊರೀತೀನ್ರಿ. ಮುರಿದ್ರ ಮಾತ್ರ ನನ್ನ ಹೆಸರ ಹೇಳಬ್ಯಾಡ್ರಿ." ಕರುಣಾಕರ ಎಂಡನ್ನು ವಾಪಸ್ ಚೀಲಕ್ಕೆ ಹಾಕಿಕೊಂಡ.

ಸೋಮವಾರ ಕಾರ್ಕಳ. ಆ ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿ, ರಿಪೇರಿ ಮಾಡಿದ್ದು ಲೂಯಿಸ್. ಅವನು ತೀರಿ ನಾಲ್ಕು ವರ್ಷ. ಮನೆಯಲ್ಲಿ ಅವನ ಹೆಂಡತಿ ಆನ್ಸಿಲ್ಲಾ ಇದ್ದರು.

"ಎಡದ್ದಾ, ಬಲದ್ದಾ?" ಅವರೂ ಕೇಳಿದರು. "ಎಡದ್ದೊಂದು ಇಟ್ಟಿದ್ದರು. ಎಲ್ಲಿ ಅಂತ ಯಾರಿಗೂ ಹೇಳಲಿಲ್ಲ."

ಕತ್ತಿನ ಸರದಲ್ಲಿದ್ದ ಕೀಲಿಯಿಂದ ಟೂಲ್ ಪೆಟ್ಟಿಗೆ ತೆರೆದು ತೋರಿಸಿದರು. ನಾಲ್ಕು ಸ್ಪ್ಯಾನರ್, ಒಂದು ಸುತ್ತಿಗೆ. ಮತ್ತೆ ಬೀಗ ಹಾಕಿದರು. "ಅವರು ಇದ್ದಿದ್ದರೂ ಸುಮ್ಮನೆ ಕೊಡ್ತಿರಲಿಲ್ಲ ಬಿಡು. ಹಳೇದು ಕೈಗೆ ಬಾರದೆ ಹೊಸದು ಕೊಡುವ ಜನ ಅಲ್ಲ."

ಕೊನೆಯ ಬಸ್ಸಿನಲ್ಲಿ ಕಟಪಾಡಿಯಲ್ಲಿ ಇಳಿದಾಗ ರಿಕ್ಷಾ ಇರಲಿಲ್ಲ. ನಡೆದ. ದಾರಿಯಲ್ಲಿ, ಮಲ್ಲಿಗೆ ತೋಟದ ಬದಿಗೆ, ಒಂದು ಬಾವಿ ಉಂಟು. ಲೂಯಿಸ್ ರೇಡಿಯೇಟರಿಗೆ ನೀರು ಸೇದುತ್ತಿದ್ದದ್ದು ಅಲ್ಲೇ. ಅವನು ಅದಕ್ಕೆ ಬಿದ್ದು ಸತ್ತವನಲ್ಲ, ಹಾಸಿಗೆಯಲ್ಲಿ ಸತ್ತವನು. ಇದನ್ನು ಸ್ಪಷ್ಟಪಡಿಸುವುದು ಒಳ್ಳೆಯದು.

ಬಾವಿ ದಾಟಿ ಹತ್ತು ಹೆಜ್ಜೆ.

ಕಿರ್ರ್... ಕಿರ್ರ್... ರಾಟೆ.

ಅದಕ್ಕೆ ಹಗ್ಗ ಇಲ್ಲ. ಪಂಪು ಹಾಕಿ ಎಷ್ಟೋ ವರ್ಷವಾಗಿದೆ.

"ಕರುಣಾಕರಾ..."

ರಾತ್ರಿ ಹಿಂದಿನಿಂದ ಕರೆದರೆ ಮೂರನೇ ಸಲದವರೆಗೆ ಓಗೊಡಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇವನಿಗೂ ಗೊತ್ತು. ಆದರೆ ದಿನಗಟ್ಟಲೆ ಬಸ್ಸಿನಲ್ಲಿ ನಿಂತು ಸುಸ್ತಾದವನು.

"ಎಂತ?" ಎಂದುಬಿಟ್ಟ.

ಆಮೇಲೆ, ಮೆಲ್ಲಗೆ...

"ಎಡದ್ದಾ, ಬಲದ್ದಾ?"

"ಎಡದ್ದು."

ಬಾಯಿ ಅಭ್ಯಾಸಕ್ಕೆ ಹೇಳಿತು. ಎದೆಗೆ ಆಮೇಲೆ ಗೊತ್ತಾಯಿತು.

ಠಕ್. ಕಲ್ಲಿನ ಮೇಲೆ ಕಬ್ಬಿಣ ಇಟ್ಟ ಸದ್ದು. ತಿರುಗಿದ. ಬಾವಿಕಟ್ಟೆಯ ಮೇಲೆ ಒಂದು ಎಂಡ್. ಗ್ರೀಸ್ ಹಚ್ಚಿದ್ದು. ಬೇರೆ ಯಾರೂ ಇಲ್ಲ.

"ಹಳೇದು?"

ಓಡಬಹುದಿತ್ತು. ಹೆದರಿ ಓಡಲಿಕ್ಕೂ ಒಂದಿಷ್ಟು ತ್ರಾಣ ಬೇಕು ಮಾರಾಯ, ನನ್ನಲ್ಲಿ ಇರಲಿಲ್ಲ ಎಂದು ಆಮೇಲೆ ನನಗೆ ಹೇಳಿದ. ಚೀಲದಿಂದ ಹಳೆಯ ಎಂಡ್ ತೆಗೆದು, ಕಟ್ಟು ಬಿಚ್ಚದೆ, ಕಟ್ಟೆಯ ಮೇಲಿಟ್ಟ. ಹೊಸದನ್ನು ಎತ್ತಿಕೊಂಡ. ಮನೆ ಕಡೆ ನಡೆದ. ಹಿಂದೆ ಒಂದೇ ಸಲ... ಬುಳಕ್.

ಬೆಳಿಗ್ಗೆ ಕೂರಿಸಿದ. ಅಪ್ರದಕ್ಷಿಣೆ ತಿರುಗಿಸಿದರೆ ಬೆಣ್ಣೆಯ ಹಾಗೆ ಹೋಯಿತು. ಒಂಬತ್ತು ಗಂಟೆಗೆ ಜಿತೇಂದ್ರನ ದೋಣಿ ಮೇಲೆ ಬಂತು. ಮಧ್ಯಾಹ್ನ, ಅದು ಇದ್ದ ಜಾಗಕ್ಕೆ ಕಡಲು ಬಂತು.

ಶನಿವಾರ ಆನ್ಸಿಲ್ಲಾ ಫೋನ್ ಮಾಡಿದರು. "ನಿನ್ನ ಹಳೇ ತುಂಡು ನಮ್ಮ ಪೆಟ್ಟಿಗೆಯಲ್ಲಿ ಉಂಟಲ್ವಾ? ಯಾವಾಗ ಇಟ್ಟದ್ದು?"

ನಾನೂ ಅವನ ಜೊತೆ ಕಾರ್ಕಳಕ್ಕೆ ಹೋದೆ. ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು. ಆನ್ಸಿಲ್ಲಾ ಕತ್ತಿನ ಕೀಲಿಯಿಂದ ಬೀಗ ತೆಗೆದರು. ನಾಲ್ಕು ಸ್ಪ್ಯಾನರ್, ಒಂದು ಸುತ್ತಿಗೆ, ಕಾಗದ ಸುತ್ತಿದ ಎಂಡ್. ಕುಶಲಾಳ ಗಂಟು ಹಾಗೇ ಇತ್ತು. ಬಾಳೆನಾರು ಮುಟ್ಟಿ ನೋಡಿದೆ. ಒದ್ದೆ.

ಲಾರಿಗೆ ಜೂನಿನಲ್ಲಿ ಫಿಟ್ನೆಸ್ ಸರ್ಟಿಫಿಕೇಟ್ ಸಿಕ್ಕಿತು. ಜಿತೇಂದ್ರನ ದೋಣಿ ಆಗಸ್ಟಿನಲ್ಲಿ ಮತ್ತೆ ನೀರಿಗಿಳಿಯಿತು.