ಬಾವಿಗೆ ಎಸೆದ ಗೇರು

ನಡೆದದ್ದು ನನ್ನ ಚಿಕ್ಕಪ್ಪನ ಮಗ ರೇವಣಸಿದ್ದನಿಗೆ. ಹೊಸಪೇಟೆಯಲ್ಲಿ, ಸಂಡೂರು ರಸ್ತೆಯ ಮೇಲೆ, ಲಾರಿಗಳ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವ ಶೆಡ್ಡು ಅವನದು. ಎರಡು ಸಾವಿರದ ಆರನೇ ಇಸವಿ. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ.

ಅವತ್ತು ರಾತ್ರಿ ಕೊನೆ ಬಸ್ಸು ಇಳಿದು ತನ್ನೂರು ಬುಕ್ಕಸಾಗರಕ್ಕೆ ನಡೆದು ಹೊರಟಿದ್ದ. ಗದ್ದೆಯ ಬದಿಗೆ ಒಂದು ಹಾಳು ಬಾವಿ. ಅಲ್ಲಿಗೆ ಬಂದಾಗ ಕೇಳಿಸಿತು... ಟಕ್.

ಕಪ್ಪೆಯಲ್ಲ. ಕಲ್ಲು ಬಿದ್ದದ್ದೂ ಅಲ್ಲ. ಮೂರನೇ ಗೇರು ತಾನಾಗಿ ಕಳಚಿ ನ್ಯೂಟ್ರಲ್ಲಿಗೆ ಬಂದಾಗ ಆಗುವ ಸದ್ದು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ಗುರುತು ತಪ್ಪುವುದಿಲ್ಲ.

ಕಾಲು ನಿಂತುಬಿಟ್ಟವು. ಆ ಬಾವಿಯಲ್ಲಿ ಏನಿದೆ ಅಂತ ಅವನೊಬ್ಬನಿಗೇ ಗೊತ್ತಿತ್ತು.

ಐದು ತಿಂಗಳ ಹಿಂದಿನ ಮಾತು. ಅಂದಾನಪ್ಪ ಎಂಬುವವನದು ಎರಡು ಲಾರಿ. ಒಂದಕ್ಕೆ ಹುಲುಗಪ್ಪ ಡ್ರೈವರು. ಅದಿರು ತುಂಬಿಕೊಂಡು ಗುಡ್ಡ ಇಳಿಯುವಾಗ ಮೂರನೇ ಗೇರು ಕಳಚುತ್ತಿತ್ತು. ಕಳಚಿದರೆ ಎಂಜಿನ್ನಿನ ಹಿಡಿತ ಹೋಗಿ ಲಾರಿ ತನ್ನ ಪಾಡಿಗೆ ಉರುಳುತ್ತದೆ. ಹುಲುಗಪ್ಪ ಹಳೆ ಟ್ಯೂಬು ಸೀಳಿ ರಬ್ಬರಿನ ಪಟ್ಟಿ ಮಾಡಿಕೊಂಡಿದ್ದ. ಗೇರಿನ ಕೋಲನ್ನು ಅದರಿಂದ ಸೀಟಿಗೆ ಕಟ್ಟಿ ಓಡಿಸುತ್ತಿದ್ದ. ಎರಡು ಗಂಟು. ಅವನು ಎಡಚ, ಗಂಟೂ ಎಡಗೈ ಗಂಟು.

"ಗೇರಿನ ಡಬ್ಬಿನ ಬದಲು ಮಾಡ್ರಿ ಸಾವ್ಕಾರ್ರ," ಅಂದ ಅವನು.

ರೇವಣಸಿದ್ದನೂ ಅದನ್ನೇ ಹೇಳಿದ. "ಹಲ್ಲು ಸವದಾವ. ರಿಪೇರಿ ನಿಲ್ಲಂಗಿಲ್ಲ."

"ಬದಲು ಮಾಡಾಕ ನಾಕು ದಿನ ಗಾಡಿ ನಿಲ್ಲತೈತಿ," ಅಂದ ಅಂದಾನಪ್ಪ. "ಪಟ್ಟಿ ಐತಲ್ಲ, ಕಟ್ಕೊಂಡು ಹೋಗಲೇ. ಹೆದರಿಕಿ ಆದ್ರ ಎತ್ತಿನ ಬಂಡಿ ಹೊಡಿ."

ಮೂರನೇ ದಿನ ಗೇರು ಪಟ್ಟಿಯನ್ನೂ ಎಳೆದುಕೊಂಡು ಕಳಚಿತು. ಹುಲುಗಪ್ಪ ತಿರುವಿನಲ್ಲಿ ಬಿದ್ದು ಸತ್ತ.

ಪೊಲೀಸರಿಗಿಂತ ಮೊದಲು ಅಂದಾನಪ್ಪ ಹೋಗಿ ಪಟ್ಟಿ ಬಿಚ್ಚಿಕೊಂಡ. ಕ್ಯಾಬಿನ್ನಿನಲ್ಲಿ ಸಾರಾಯಿ ಚೆಲ್ಲಿದ. ಅವತ್ತೇ ರೇವಣಸಿದ್ದನ ಕೈಲಿ ಸವೆದ ಗೇರು ತೆಗೆಸಿ ಒಳ್ಳೆಯದು ಹಾಕಿಸಿದ. "ಡಬ್ಬಿ ಚಲೋ ಇತ್ತು, ಕುಡಿದು ಓಡಿಸ್ಯಾನ ಅಂತ ಬರಕೊಡು," ಅಂದ. ಇವನು ಬರೆದುಕೊಟ್ಟ. ಸವೆದ ಗೇರಿಗೆ ಅಂದಾನಪ್ಪ ಬಿಚ್ಚಿ ತಂದ ಪಟ್ಟಿ ಸುತ್ತಿ ಈ ಬಾವಿಗೆ ಎಸೆದ.

ಹುಲುಗಪ್ಪನ ಹೆಂಡತಿ ಹುಲುಗಮ್ಮ ಶೆಡ್ಡಿಗೆ ಬಂದಳು. "ಅವ್ನು ಒಂದು ಹನಿ ಮುಟ್ಟಿದವನಲ್ಲ. ನಿನಗ ಗೊತ್ತಿಲ್ಲೇನಣ್ಣ?"

ಇವನು ಬೋಲ್ಟು ಬಿಗಿಯುತ್ತಲೇ ಇದ್ದ.

ಈಗ ಅಂದಾನಪ್ಪನ ಎರಡನೇ ಲಾರಿಯ ಡಬ್ಬಿ ಕೆಟ್ಟಿತ್ತು. ಹೊಸದು ಬೇಡ, ಸತ್ತವನ ಲಾರಿಯ ಡಬ್ಬಿಯನ್ನೇ ರಿಪೇರಿ ಮಾಡಿ ಕೂಡಿಸು ಅಂದಿದ್ದ. ಅದರ ಮೈಗೆ ಬಿರುಕು. ಓಡಿಸುವವನು ತಿಪ್ಪೇಶ, ಎರಡು ಮಕ್ಕಳ ತಂದೆ. ಕೂಡಿಸಬೇಕೋ ಬೇಡವೋ... ಆ ಯೋಚನೆಯಲ್ಲೇ ರೇವಣಸಿದ್ದ ಬಾವಿಯ ಹತ್ತಿರ ಬಂದಿದ್ದ.

ಟಕ್. ಆಮೇಲೆ ಗರ್ರ್... ಹಲ್ಲಿಗೆ ಹಲ್ಲು ಉಜ್ಜುವ ಸದ್ದು. ನೀರಿನ ತಳದಿಂದ.

"ರೇವಣ್ಣ..."

"ಯಾ... ಯಾರು?"

"ಅದ ಡಬ್ಬಿ ಕೂಡ್ಸು."

"ಬ್ಯಾಡೋ ಹುಲುಗ. ತಿಪ್ಪೇಶ ಸಾಯ್ತಾನ."

"ಮೊದಲ ಸುತ್ತು ಯಾರು ಹೊಡಿತಾರಲೇ?"

ಯಾರು ಅಂತ ರೇವಣಸಿದ್ದನಿಗೆ ಗೊತ್ತಿತ್ತು. ದೊಡ್ಡ ರಿಪೇರಿ ಆದಮೇಲೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮೊದಲ ಸುತ್ತು ಮಾಲೀಕನೇ ಹೊಡೆಯಬೇಕು. ನಮ್ಮ ಕಡೆ ಹಾಗೆ.

"ಆಮ್ಯಾಲ... ನೀನೂ ನನ್ನ ಕೂಡ ಬರ್ತಿಯೋ, ಖರೇ ಹೇಳ್ತಿಯೋ?"

ಮರುದಿನ ರೇವಣಸಿದ್ದ ಡಬ್ಬಿ ಬಿಚ್ಚಿದ.

ಕೂಡಿಸಿದ. ಚೆನ್ನಾಗಿಯೇ ಕೂಡಿಸಿದ. ಬಿರುಕಿಗೆ ವೆಲ್ಡಿಂಗ್ ಹಾಕಿಸಿದ. ಮೂರನೇ ಗೇರು ಹತ್ತು ಸಲ ಹಾಕಿ ನೋಡಿದ. ಒಂದು ಸಲವೂ ಕಳಚಲಿಲ್ಲ.

ಶುಕ್ರವಾರ ಬೆಳಿಗ್ಗೆ. ನಾನೂ ಶೆಡ್ಡಿನಲ್ಲಿದ್ದೆ. ನಿಂಬೆಹಣ್ಣು ಪಚಕ್ಕೆಂದು ಒಡೆಯಿತು.

"ಹತ್ತಲೇ ರೇವಣ್ಣ, ಗುಡ್ಡದ ಮಟ ಹೋಗಿ ಬರೂಣು," ಅಂದ ಅಂದಾನಪ್ಪ.

"ಒಲ್ಲೆ ಸಾವ್ಕಾರ್ರ."

"ನಿನ್ನ ಕೆಲಸದ ಮ್ಯಾಲ ನಿನಗ ನಂಬಿಕಿ ಇಲ್ಲೇನು?" ನಕ್ಕ. ಒಬ್ಬನೇ ಹೋದ.

ಗುಡ್ಡ ಹತ್ತಿದ್ದು ಸರಿಯಾಗಿಯೇ. ತಿರುಗಿ ಇಳಿಯುವಾಗ, ಹುಲುಗಪ್ಪ ಬಿದ್ದ ತಿರುವಿನಲ್ಲೇ ಬಿದ್ದ. ಉಳಿಯಲಿಲ್ಲ.

ಪಂಚನಾಮೆಗೆ ಪೊಲೀಸರು ನನ್ನನ್ನು ಕರೆದೊಯ್ದರು. ಗೇರಿನ ಕೋಲು ನ್ಯೂಟ್ರಲ್ಲಿನಲ್ಲಿತ್ತು. ಅಲ್ಲಿಂದ ಅಲುಗದ ಹಾಗೆ ಸೀಟಿಗೆ ಕಟ್ಟಿತ್ತು. ಟ್ಯೂಬಿನ ಪಟ್ಟಿ. ಎರಡು ಗಂಟು, ಎಡಗೈ ಗಂಟು. ಮುಟ್ಟಿ ನೋಡಿದೆ... ಒದ್ದೆ. ಮೇ ತಿಂಗಳು ಅದು.

ರೇವಣಸಿದ್ದ ಅವತ್ತೇ ಠಾಣೆಗೆ ಹೋಗಿ ಎಲ್ಲ ಹೇಳಿದ. ಹುಲುಗಪ್ಪ ಕುಡಿದಿರಲಿಲ್ಲ ಅಂತ ಬರೆದುಕೊಂಡರು. ಹುಲುಗಮ್ಮ ಅದನ್ನು ಮೂರು ಸಲ ಓದಿಸಿ ಕೇಳಿದಳು.

ಮರುದಿನ ಬಾವಿಗೆ ಪಾತಾಳಗರಡಿ ಬಿಟ್ಟು ಜಾಲಾಡಿದರು. ಅಲ್ಲೂ ನಾನೇ ಸಾಕ್ಷಿ. ಎರಡೂ ಕಾಗದಕ್ಕೆ ನನ್ನ ರುಜು ಇದೆ. ಬೇಕಾದವರು ನೋಡಿಕೊಳ್ಳಿ.

ಸವೆದ ಗೇರು ಸಿಕ್ಕಿತು. ಅದಕ್ಕೆ ಸುತ್ತಿದ ಪಟ್ಟಿ ಇರಲಿಲ್ಲ.