ಬೇಗಮರಲ್ಲದವರ ಬಾವಿ

ಹತ್ತಿರ ಕೂಡ್ರಿ, ಜೋರಾಗಿ ಹೇಳೋ ಮಾತಲ್ಲ. ನಾವು ದಾವಣಗೆರೆಗೆ ಬರೋಕೆ ಮುಂಚೆ, ಹರಿಹರದಲ್ಲಿ ಪಕ್ಕದ ಮನೆ ಹಜೀರಾಬೀಗೆ ಆಗಿದ್ದು. ಜೊತೆಗೆ ನಾನೇ ಇದ್ದೆ.

ಗುರುವಾರ ಕತ್ತಲಾಗ್ತಾ ಸಾರಥಿ ಅನ್ನೋ ಊರಿನ ಕಡೆಯಿಂದ ನಡೆದು ಬರ್ತಿದ್ವಿ. ದಾರೀಲಿ ಆಲದ ಮರ, ಅದರ ಬುಡಕ್ಕೊಂದು ಹಾಳುಬಾವಿ. ಯಾವನೋ ಬಾದಶಹ ಯುದ್ಧಕ್ಕೆ ಹೊರಡೋವಾಗ, ತನ್ನ ಹೆಂಗಸರು ಶತ್ರುವಿನ ಪಾಲಾಗಬಾರದು ಅಂತ ಎಲ್ಲರನ್ನೂ ಕೊಲ್ಲಿಸಿದನಂತೆ. ನಿಕಾಹ್ ಆದ ಬೇಗಮರಿಗೆ ದಿಣ್ಣೆ ಮೇಲೆ ಗೋರಿ. ನಿಕಾಹ್ ಇಲ್ಲದೆ ಇಟ್ಟುಕೊಂಡಿದ್ದವರಿಗೆ ಈ ಬಾವಿ. ಬೇಗಮರಿಗೆ ಹೆಸರು ಹೇಳಿ ಫಾತಿಹಾ, ಸತ್ತವರ ಪ್ರಾರ್ಥನೆ, ಓದ್ತಾರೆ. ಬಾವಿಯವರ ಹೆಸರು ಯಾರಿಗೂ ಗೊತ್ತಿಲ್ಲ. ಅವರ ಪಾಲಿನ ಅನ್ನ ಕಟ್ಟೆ ಮೇಲಿಟ್ಟು ಬಾಯಿ ಮುಚ್ಚಿಕೊಂಡು ಬರೋದು ಪದ್ಧತಿ. ಅಲ್ಲಿ ಯಾರ ಹೆಸರೂ ಎತ್ತಬಾರದು. ಎತ್ತಿದ ಹೆಸರನ್ನ ಅವರು ಇಟ್ಕೊಂಡುಬಿಡ್ತಾರೆ.

ಕಟ್ಟೆ ಹತ್ರ ಇಮಾಂಬೀ ಕಾಯ್ತಿದ್ಲು. ಹಜೀರಾಬೀ ಗಂಡ ಮುನಾಫ್ ಸಾಬರು ನಿಕಾಹ್ ಇಲ್ಲದೆ ಇಟ್ಟುಕೊಂಡಿದ್ದ ಮಾಬೂಬೀ ಮಗಳು. ತಾಯಿ ತೀರಿ ಇನ್ನೂ ತಿಂಗಳಾಗಿರಲಿಲ್ಲ.

"ಬಡೀಮಾ... ನಿಮ್ಮ ಮನೆ ಫಾತಿಹಾದಾಗ ನಮ್ಮಮ್ಮೀದೂ ಹೆಸರು ತಗೀರಿ. ಬೇರೆ ಏನೂ ಬ್ಯಾಡ."

ಹಜೀರಾಬೀ ಬಾವಿಗೆ ಅಂತ ತಟ್ಟೇಲಿ ತಂದಿದ್ದ ಅನ್ನಾನ ಬೀದಿನಾಯಿ ಮುಂದೆ ಸುರಿದಳು.

"ಇಟ್ಕಂಡೋಳಿಗೆ ಯಾತರ ಫಾತಿಹಾ? ನಾಯಿಗೆ ಹಾಕಿದ್ರೆ ಸವಾಬು, ಪುಣ್ಯ ಆದ್ರೂ ಐತೆ."

ಹುಡುಗಿ ಮುಖ ಮುಚ್ಚಿಕೊಂಡು ಹೋದಳು.

ಆಗ ಬಾವಿಯೊಳಗೆ... ಕಿಣ್. ಕಿಣ್. ಗಾಜಿನ ಬಳೆ ಕಲ್ಲಿಗೆ ತಾಗಿದ ಸದ್ದು. ಆಮೇಲೆ ಒದ್ದೆ ಬಟ್ಟೆ ಎಳೆದಂಗೆ... ಸರ್... ಸರ್...

"ನೀನ್ಯಾರು?"

ಬಾವಿಯೊಳಗಿಂದ ಪಿಸುಮಾತು. ನಾನು ಹಜೀರಾಬೀ ಬಾಯಿ ಮುಚ್ಚೋಕೆ ಹೋದೆ. ಸಿಟ್ಟು ನೆತ್ತಿಗೇರಿತ್ತು ಅವಳಿಗೆ, ಕೈ ತಳ್ಳಿದಳು.

"ಹಜೀರಾಬೀ. ನಿಕಾಹ್ ಆದೋಳು."

ಸದ್ದು ನಿಂತಿತು.

ಮನೆಗೆ ಬಂದ್ವಿ. ಮುನಾಫ್ ಸಾಬರು ಬಾಗಿಲು ತೆಗೆದು, "ಯಾಕ ತಡ, ಮಾಬೂಬೀ?" ಅಂದ್ರು. ಹಜೀರಾಬೀ ತಟ್ಟೆ ಎಸೆದಳು. ಮಗ ಆಸಿಮ್‌ನ ರಟ್ಟೆ ಹಿಡಿದು ಕೇಳಿದಳು.

"ನನ್ನ ಹೆಸರೇನೋ?"

"ಮಾಬೂಬೀ... ಯಾಕಮ್ಮೀ?"

ತಮಾಷೆ ಅಲ್ಲ, ಅವರಿಗೆ ಅದೇ ಸರಿ ಅನ್ನಿಸ್ತಿತ್ತು. ಮನೆಗೆ ಬಂದ ಡಾಕ್ಟರೂ ಹಂಗೇ ಕರೆದ್ರು. ಅವಳು ಅನ್ನ ಬಿಟ್ಟಳು, ಹಾಸಿಗೆ ಹಿಡಿದಳು. ಕೊನೆಗೆ ಗಂಡನ ಕೈ ಹಿಡಿದು, "ಒಂದ್ಸಲ ನನ್ನ ಹೆಸರಿಂದ ಕರೀರಿ" ಅಂತ ಬೇಡಿಕೊಂಡಳು. ಅವರು ಅಳ್ತಾ ಕರೆದ್ರು... "ಮಾಬೂಬೀ." ಕಣ್ಣು ತೆರೆದುಕೊಂಡೇ ಹೋದಳು.

ಈಗಲೂ ಆ ಮನೇಲಿ ಅವಳಿಗೆ ಫಾತಿಹಾ ಓದ್ತಾರೆ, ಮಾಬೂಬೀ ಹೆಸರಲ್ಲಿ. ಇಮಾಂಬೀ ಬಂದು ಕೂತು, ಕೇಳಿ, ಉಂಡು ಹೋಗ್ತಾಳೆ. ನಾನೊಮ್ಮೆ ತಿದ್ದೋಕೆ ಹೋಗಿದ್ದೆ. ಆಣೆ ಮಾಡಿ ಹೇಳ್ತೀನಿ... ಇಲ್ಲಿ ನಿಮ್ಮ ಮುಂದೆ ಹಜೀರಾಬೀ ಅಂತ ಸಲೀಸಾಗಿ ಅಂತಿದೀನಲ್ಲ, ಆ ಹೊಸ್ತಿಲು ದಾಟಿದ್ರೆ ನನ್ನ ಬಾಯಲ್ಲೂ ಮಾಬೂಬೀ ಅಂತಲೇ ಬರೋದು.